ಡ್ರ್ಯಾಗನ್ನಿನ ಕತ್ತಿನ ಮೇಲೆ ಹತ್ತು ಬೆರಳು

ಫೆಬ್ರವರಿ ೨೬, ಸೋಮವಾರ

ಹೊಸ ವರ್ಷದ ದೀಪದ ಹಬ್ಬ ಮುಗಿದು ಇನ್ನೂ ಎರಡು ದಿನ. ಅತ್ತಿಗೆ ಚ್ಯೂಶಿಯಾ ನಮ್ಮ ಸೋಯಾ ಹಾಲಿನ ಅಂಗಡಿಗೆ ಬಂದರು. ಒಂದು ಬಟ್ಟಲು ಬಿಸಿ ಸೋಯಾ ಹಾಲು, ಅದರಲ್ಲಿ ಅದ್ದಿ ಎರಡು ಕರಿದ ಹಿಟ್ಟಿನ ಕೋಲು ಮುಗಿಸಿದರು. ಬಾಯಿ ಒರೆಸಿಕೊಂಡು, ನನ್ನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದರು: "ಈ ವರ್ಷ ಮುಂದೆ ವೆನ್‌ಟಿಂಗ್ ಇರ್ಲಿ. ನೀನು ಹಿಂದೆ ಕೂತು ಹುಟ್ಟು ಹಾಕು, ಬೀಲ್ಯಾನ್."

ವೆನ್‌ಟಿಂಗ್ ಎಂದರೆ ಅವರ ಹೊಸ ಸೊಸೆ. ಗಾಳಿ ಬಂದರೆ ಹಿಡಿದುಕೊಳ್ಳಬೇಕಾದ ಹುಡುಗಿ.

ನಮ್ಮ ಬೀದಿಯ ಹೆಂಗಸರ ದೋಣಿಗೆ ಅತ್ತಿಗೆಯೇ ನಾಯಕಿ, ಡೋಲು ಬಾರಿಸುವವರೂ ಅವರೇ. ಚಾಂದ್ರಮಾನದ ಐದನೇ ತಿಂಗಳ ಡ್ರ್ಯಾಗನ್ ದೋಣಿ ಹಬ್ಬದ ದಿನ ದೋಣಿ ಗುರಿ ಮುಟ್ಟುವಾಗ ಡ್ರ್ಯಾಗನ್ನಿನ ತಲೆಯ ಮೇಲೆ ಬೋರಲು ಮಲಗಿ, ಕೈ ಚಾಚಿ, ನೀರಿನಲ್ಲಿ ನೆಟ್ಟ ಬಿದಿರಿನಿಂದ ಬಾವುಟ ಕೀಳುವವಳು ನಾನು. ಹನ್ನೊಂದು ವರ್ಷದಿಂದ ನಾನೇ. ಬಾವುಟ ಕೈಗೆ ಬರದಿದ್ದರೆ ಎಷ್ಟು ಜೋರಾಗಿ ಹುಟ್ಟು ಹಾಕಿದರೂ ಸೋತಂತೆಯೇ. ಕಳೆದ ವರ್ಷ ಒಂದು ಅಂಗೈ ಅಂತರದಲ್ಲಿ ತಪ್ಪಿತು. ಮೀನುಪೇಟೆಯವರು ಕಿತ್ತುಕೊಂಡು ಹೋದರು, ಇಡೀ ವರ್ಷ ಅದನ್ನು ಅವರ ಅಂಗಡಿಯ ಕಂಬಕ್ಕೆ ಕಟ್ಟಿ ಮೆರೆದರು.

"ಒಂದ್ ಸಲ ತಪ್ಪಿದ್ದಕ್ಕೆ ಹಿಂದಕ್ಕೆ ಹಾಕ್ತೀರಾ ಅತ್ತಿಗೆ?"

"ತಪ್ಪಿದ್ದಕ್ಕಲ್ಲ ಕಣೇ. ನೀನು ಹತ್ತಿದ ಕೂಡಲೆ ಡ್ರ್ಯಾಗನ್ ನೀರು ಕುಡೀತು. ಮೂಗು ಮುಳುಗಿದ ದೋಣಿ ಓಡತ್ತಾ?"

"ತೂಕ ಇಳಿಸ್ಕೊಂಡ್ರೆ?"

"ಎಪ್ಪತ್ತರ ಒಳಗೆ ಬಾ. ಆಮೇಲೆ ಮಾತಾಡೋಣ."

ಅವರು ಹೋದ ಮೇಲೆ ಔಷಧದಂಗಡಿಯ ತಕ್ಕಡಿಯ ಮೇಲೆ ನಿಂತೆ. ಎಪ್ಪತ್ತೊಂಬತ್ತು. ತಕ್ಕಡಿಯನ್ನು ಒದೆಯಬೇಕೆನಿಸಿತು. ಹಿಂದೆ ಕೂತು ಹುಟ್ಟು ಹಾಕುವವರ ಬಗ್ಗೆ ನನಗೆ ತಾತ್ಸಾರವೇನಿಲ್ಲ. ಆದರೆ ಆ ಜಾಗ ನನ್ನದು. ನನಗೆ ಬೇಕು.

ಮಾರ್ಚ್ ೧, ಶುಕ್ರವಾರ

ಇದು ತಿಂದು ಬಂದ ಮೈಯಲ್ಲ ಎಂದು ಯಾರಿಗೆ ಹೇಳುವುದು? ಕಳೆದ ಶರತ್ಕಾಲದಲ್ಲೇ ಡಾಕ್ಟರು ರಕ್ತ ನೋಡಿ ಹೇಳಿದ್ದರು, ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ, ಹಾರ್ಮೋನು ಸಾಕಷ್ಟು ಬರುತ್ತಿಲ್ಲ, ಅದಕ್ಕೇ ಈ ಊತ, ಈ ಚಳಿ, ಈ ನಿದ್ದೆ ಅಂತ. ದಿನವೂ ಬೆಳಗ್ಗೆ ಒಂದು ಮಾತ್ರೆ. ನಾನು ಒಂದು ದಿನವೂ ತಪ್ಪಿಸಿಲ್ಲ. ಒಲೆ ಹಚ್ಚಿ, ಮೊದಲ ಸೋಯಾ ಹಾಲು ಉಕ್ಕಿದ ಕೂಡಲೇ ಅರ್ಧ ಬಟ್ಟಲು ಬಗ್ಗಿಸಿಕೊಂಡು ಅದರೊಂದಿಗೆ ಮಾತ್ರೆ ನುಂಗುತ್ತೇನೆ. ಐದು ತಿಂಗಳಾಯಿತು. ಬಾಚಣಿಗೆಯಲ್ಲಿ ಕೂದಲು ಮೊದಲಿನಷ್ಟೇ ಬರುತ್ತದೆ.

"ನಿನ್ನ ಪಾದ ಅಂದ್ರೆ ಮೀನಂಗಡಿ ಐಸು," ಎಂದು ಮುಶಾನ್ ಹಾಸಿಗೆಯಲ್ಲಿ ದೂರ ಸರಿಯುತ್ತಾನೆ. ಗಂಡನಂತೆ ಗಂಡ!

ಮಾರ್ಚ್ ೫, ಮಂಗಳವಾರ

ಮೂರು ದಿನ ಸೀಬೆಹಣ್ಣು, ಬೇಯಿಸಿದ ಮೊಟ್ಟೆ. ಇವತ್ತು ಹಿಟ್ಟು ನಾದುತ್ತಾ ಕಣ್ಣು ಕತ್ತಲಿಟ್ಟು ಮೂಟೆಯ ಮೇಲೆ ಕೂತುಬಿಟ್ಟೆ. ತೂಕ ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಮುಶಾನ್ ಕೂಗಾಡಿದ. ನಾನೂ ಕೂಗಾಡಿದೆ. ಗಿರಾಕಿಗಳು ತಲೆ ಬಗ್ಗಿಸಿ ತಿಂದು ಹೋದರು.

ಮಾರ್ಚ್ ೧೨, ಮಂಗಳವಾರ

ಸೂಝು ಅಜ್ಜಿ ನಮ್ಮ ಅಂಗಡಿಯ ಹಳೆಯ ಗಿರಾಕಿ. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಹದಿನಾರು. ನನ್ನ ಕಥೆ ಕೇಳಿ, ಬಾ ಎಂದು ಹೊಳೆದಂಡೆಯ ಪಾರ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿರುವ ಹೊಳೆಗಲ್ಲಿನ ದಾರಿಯನ್ನು ಯಾರು ನೋಡಿಲ್ಲ? ಸಿಮೆಂಟಿನಲ್ಲಿ ಕಲ್ಲುಗಳನ್ನು ಚೂಪು ಮೇಲೆ ಮಾಡಿ ನೆಟ್ಟಿದ್ದಾರೆ. ಬೆಳಗಾದರೆ ಊರಿನ ಮುದುಕರೆಲ್ಲ ಬರಿಗಾಲಲ್ಲಿ ಅದರ ಮೇಲೆ, ಕೈ ಹಿಂದೆ ಕಟ್ಟಿಕೊಂಡು. ಅದು ಮುದುಕರ ಕೆಲಸ ಎಂದು ನಾನು ಇಷ್ಟು ವರ್ಷ ಪಕ್ಕದಲ್ಲೇ ಹಾದು ಹೋಗಿದ್ದೆ.

ಚಪ್ಪಲಿ ಬಿಟ್ಟು ಕಾಲಿಟ್ಟೆ. ಅಯ್ಯಯ್ಯೋ! ಹಂದಿ ಕೊಯ್ದ ಹಾಗೆ ಕೂಗಿದೆನಂತೆ. ಮುದುಕರು ನಿಂತು ನೋಡಿದರು. ಒಬ್ಬ ತನ್ನ ಊರುಗೋಲು ಕೊಡಲು ಬಂದ, ಅದು ಇನ್ನೂ ಅವಮಾನ.

"ಹೆಬ್ಬೆರಳ ಬುಡ ನೋಯತ್ತಾ?" ಅಜ್ಜಿ ಕೇಳಿದಳು.

"ನೋಯತ್ತೆ."

"ಪಾದದಲ್ಲಿ ಮೈಯೆಲ್ಲ ಇರತ್ತೆ, ಅದು ಕತ್ತಿನ ಜಾಗ. ಎಲ್ಲಿ ನೋವೋ ಅಲ್ಲೇ ರೋಗ. ಹಿಮ್ಮಡಿ?"

"ನೋಯತ್ತೆ. ನಡುಪಾದ ನೋಯತ್ತೆ. ಕಿರುಬೆರಳೂ ನೋಯತ್ತೆ."

"ಹಾಗಾದ್ರೆ ನೀನು ಹೋದ ವರ್ಷಾನೇ ಸತ್ತಿರಬೇಕಿತ್ತು," ಎಂದು ಅಜ್ಜಿ ತಾನು ಮಾತ್ರ ಹಂಸದ ಹಾಗೆ ಮುಂದೆ ಹೋದಳು. ಅವಳ ಬೆನ್ನು ನೋಡಿ ಹೊಟ್ಟೆ ಉರಿಯಿತು. ನಾಳೆಯೂ ಹೋಗುತ್ತೇನೆ.

ಮಾರ್ಚ್ ೨೧, ಗುರುವಾರ

ದಿನಾ ಹೋಗುತ್ತಿದ್ದೇನೆ. ಅಂಗಡಿ ಮುಚ್ಚಿ ಮಧ್ಯಾಹ್ನ ಹೋದರೆ ಕಲ್ಲು ಕಾದು ಹೆಂಚಾಗಿರುತ್ತದೆ. ಹೆಬ್ಬೆರಳ ಬುಡವನ್ನು ಬೇಕೆಂದೇ ಚೂಪುಗಲ್ಲಿಗೆ ಒತ್ತಿ ನಿಲ್ಲುತ್ತೇನೆ, ಕತ್ತಿನಲ್ಲಿ ಏನಾದರೂ ಚುರುಕಾಯಿತೇ ಎಂದು ಕಾಯುತ್ತೇನೆ. ಕಣ್ಣಲ್ಲಿ ನೀರು ಚುರುಕಾಗಿ ಬರುತ್ತದೆ, ಅಷ್ಟೇ.

ತೂಕ ಎಪ್ಪತ್ತೊಂಬತ್ತೂವರೆ. ಏರಿದೆ! ಅಳು ಬಂತು. ಅತ್ತಿಗೆ ದೋಣಿ ಮನೆಯಲ್ಲಿ ವೆನ್‌ಟಿಂಗ್‌ಗೆ ಬಾವುಟ ಕೀಳುವುದನ್ನು ಕಲಿಸುತ್ತಿದ್ದಾರಂತೆ. ಮುಶಾನ್ ಹೇಳಿದ, ಹೇಳಬಾರದಿತ್ತು.

ಮಾರ್ಚ್ ೨೮, ಗುರುವಾರ

ಇವತ್ತಿನದನ್ನು ಬರೆಯಲು ನಗು, ನಾಚಿಕೆ, ಸಿಟ್ಟು ಮೂರೂ ಒಟ್ಟಿಗೆ ಬರುತ್ತಿವೆ.

ರಕ್ತದ ವರದಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮಾತ್ರೆ ತಗೋತಾ ಇಲ್ವಾ?"

"ಒಂದು ದಿನಾನೂ ಬಿಟ್ಟಿಲ್ಲ!"

"ಬರೀ ಹೊಟ್ಟೇಲಿ?"

"ಬರೀ ಹೊಟ್ಟೇಲೇ. ಬಿಸಿ ಸೋಯಾ ಹಾಲಿನ ಜೊತೆ."

ಅವರು ಪೆನ್ನು ಕೆಳಗಿಟ್ಟರು. "ಯಾವುದರ ಜೊತೆ?"

"ಸೋಯಾ ಹಾಲು. ನಮ್ಮ ಅಂಗಡೀದೇ. ನೀರು ಬೆರೆಸಲ್ಲ ನಾವು, ಬೇಕಾದ್ರೆ ಬಂದು ನೋಡಿ."

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡು ನಕ್ಕರು. ಆಮೇಲೆ ಸಾವರಿಸಿಕೊಂಡು ಬಿಡಿಸಿ ಹೇಳಿದರು. ಸೋಯಾ ಇದ್ದರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಒಂದು ಗಂಟೆಯಾದರೂ ಏನೂ ಬಾಯಿಗೆ ಹಾಕಬಾರದು, ಸೋಯಾ ಅಂತೂ ಇನ್ನೂ ತಡವಾಗಿ. "ನೀವು ಐದಾರು ತಿಂಗಳಿಂದ ಮಾತ್ರೆಯ ಬಹುಪಾಲನ್ನ ಸೋಯಾ ಹಾಲಿಗೇ ಕುಡಿಸಿದ್ದೀರಿ."

ಸೋಯಾ ಹಾಲಿನ ಅಂಗಡಿಯಲ್ಲಿ ನೀರು ಕುಡಿಯುವವರು ಯಾರಮ್ಮ? ನಮ್ಮ ಮನೆಯಲ್ಲಿ ಜ್ವರಕ್ಕೂ ಅದೇ, ಬಾಣಂತಿಗೂ ಅದೇ. ಹಾಲು ಒಳ್ಳೆಯದು ಎಂದು ಊರಿಗೆಲ್ಲ ಹೇಳಿ ಹೇಳಿ ನಾನೇ ಮೋಸ ಹೋದೆ.

ಹೊರಡುವಾಗ ಕಲ್ಲಿನ ದಾರಿಯ ವಿಚಾರ ಕೇಳಿಬಿಟ್ಟೆ. ಹೆಬ್ಬೆರಳ ಬುಡ ಒತ್ತಿದರೆ ಗ್ರಂಥಿ ಎಚ್ಚರವಾಗುತ್ತದೆಯೇ?

"ಪಾದಕ್ಕೂ ಗ್ರಂಥಿಗೂ ಹಾಗೇನೂ ತಂತಿ ಇಲ್ಲ," ಎಂದರು. "ಕಲ್ಲು ತುಳಿದ್ರೆ ಹಾರ್ಮೋನು ಬರಲ್ಲ. ಹಾರ್ಮೋನಿಗೆ ಮಾತ್ರೆ. ಆದ್ರೆ ನಡಿಯೋದನ್ನ ಬಿಡ್ಬೇಡಿ. ಕಾಲು ಗಟ್ಟಿಯಾಗತ್ತೆ, ನಿದ್ದೆ ಬರತ್ತೆ, ಮೈ ಹಗುರಾಗತ್ತೆ."

ಅಜ್ಜಿಗೆ ಇದನ್ನು ಒಪ್ಪಿಸಿದೆ. ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಸರಿ, ಕತ್ತು ಡಾಕ್ಟರಿಗೆ ಇರ್ಲಿ," ಎಂದಳು. "ಕಾಲು ನಂಗೆ ಕೊಡು."

ಏಪ್ರಿಲ್ ೫, ಶುಕ್ರವಾರ

ನಿನ್ನೆ ಸಮಾಧಿ ಗುಡಿಸುವ ಹಬ್ಬ. ಮುಶಾನ್‌ನ ಅಪ್ಪ ಅಮ್ಮನ ಸಮಾಧಿಯ ಹುಲ್ಲು ಕಿತ್ತು ಬಂದೆವು. ಅತ್ತಿಗೆಯೂ ಇದ್ದರು. ದೋಣಿಯ ಮಾತು ಇಬ್ಬರೂ ಎತ್ತಲಿಲ್ಲ. ಗುಡ್ಡ ಹತ್ತುವಾಗ ಅವರು ಎರಡು ಕಡೆ ನಿಂತು ಏದುಸಿರು ಬಿಟ್ಟರು, ನಾನು ಮೇಲೆ ನಿಂತು ಕಾಯಬೇಕಾಯಿತು. ವಯಸ್ಸಾಯಿತು ಪಾಪ.

ಹೊಸ ಏರ್ಪಾಡು: ಎದ್ದ ಕೂಡಲೇ ಬರೀ ನೀರು, ಮಾತ್ರೆ. ಆಮೇಲಿನ ಒಂದು ಗಂಟೆ ಅಂಗಡಿಯಲ್ಲಿದ್ದರೆ ಕೈ ತಾನಾಗಿ ಬಟ್ಟಲಿಗೆ ಹೋಗುತ್ತದೆ. ಹಾಗಾಗಿ ಆ ಹೊತ್ತು ಕಲ್ಲಿನ ದಾರಿಗೆ, ಒಲೆ ಮುಶಾನ್ ಕೈಗೆ. ಮೊದಲ ದಿನವೇ ಹಾಲು ತಳ ಹಿಡಿಸಿದ. ಗಿರಾಕಿಯೊಬ್ಬ, "ಇದೇನು ಹೊಸ ರುಚಿ? ಚೆನ್ನಾಗಿದೆ," ಎಂದನಂತೆ. ಇವನು ಅದನ್ನೇ ನಂಬಿಕೊಂಡು ಕುಣಿಯುತ್ತಿದ್ದಾನೆ.

ಏಪ್ರಿಲ್ ೧೯, ಶುಕ್ರವಾರ

ಅಂಗಡಿಯ ಏಪ್ರನ್ನಿನ ದಾರ ಉದ್ದವಾಗಿದೆ, ಎರಡು ಸುತ್ತು ಸುತ್ತಿ ಕಟ್ಟಬೇಕು. ಮುಶಾನ್ ಬಿಸಿ ನೀರಿನಲ್ಲಿ ಒಗೆದು ಹಾಳು ಮಾಡಿದ್ದಾನೆ. ಕೇಳಿದರೆ, ಬಿಸಿ ನೀರಲ್ಲಿ ಬಟ್ಟೆ ಕುಗ್ಗುತ್ತೆ, ಹಿಗ್ಗಲ್ಲ ಎಂದು ವಾದ.

ಕಲ್ಲಿನ ದಾರಿಯಲ್ಲಿ ಈಗ ಅಜ್ಜಿ ಹೊಸ ಆಟ ಹಚ್ಚಿದ್ದಾಳೆ. ಕಾಲ್ಬೆರಳಿನಿಂದ ಗೋಲಿ ಎತ್ತುವುದು. ಟವೆಲ್ ಮುದುಡುವುದು. ಚೂಪುಗಲ್ಲನ್ನು ಬೆರಳಲ್ಲಿ ಅಪ್ಪಿಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು. "ಬೀಳಬಾರದು ಅಂತ ನಾನು ತುಳಿಯೋದು ಕಣೇ," ಎಂದಳು ಇವತ್ತು. "ನನ್ನ ಜೊತೆಯವರೆಲ್ಲ ಬಿದ್ದೇ ಹೋದ್ರು. ಬಚ್ಚಲಲ್ಲಿ ಒಬ್ಬಳು, ಮೆಟ್ಟಿಲಲ್ಲಿ ಒಬ್ಬಳು. ನಾನು ನೆಲ ಹಿಡ್ಕೊಂಡಿದ್ದೀನಿ." ಅವಳ ಕೊಡೆ ಹಿಡಿದುಕೊಂಡು ಮನೆವರೆಗೆ ಬಿಟ್ಟು ಬಂದೆ.

ಮೇ ೩, ಶುಕ್ರವಾರ

ಬೆಳಗ್ಗೆ ನಿವೃತ್ತ ಪೋಸ್ಟ್ ಮಾಸ್ತರನ ಜೊತೆ ಜಗಳ. ನಮ್ಮ ಊರು ಲುಕಾಂಗ್‌ನಲ್ಲಿ ಸಿಂಪಿ ಮಾಂಸ ಹಾಕಿದ ಒಳ್ಳೆಯ ಮೊಟ್ಟೆ ದೋಸೆ ಎಲ್ಲಿ ಸಿಗುತ್ತದೆ ಎಂದು. ವಾದ ಮುಗಿಯುವ ಹೊತ್ತಿಗೆ ಅವನು ಸುಮ್ಮನೆ ನನ್ನ ಕಾಲನ್ನೇ ನೋಡುತ್ತಿದ್ದ. ಅಷ್ಟು ಹೊತ್ತೂ ನಾನು ನಡುವಿನ ದೊಡ್ಡ ಚೂಪುಗಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದೆನಂತೆ. ಜಗಳದಲ್ಲಿ ಸೋತವರು ಏನಾದರೂ ಹೇಳುತ್ತಾರೆ.

ಹೊಸದಾಗಿ ಬಂದ ಇಬ್ಬರು ಹೆಂಗಸರು ಕಲ್ಲಿಗೆ ಕಾಲಿಟ್ಟು ಕೂಗಿದರು. ಇಷ್ಟಕ್ಕೆಲ್ಲ ಕೂಗುತ್ತಾರಾ? ಕೈ ಹಿಡಿದು ದಾಟಿಸಿದೆ.

ಮುಶಾನ್ ಹಾಸಿಗೆಯಲ್ಲಿ ದೂರ ಸರಿಯುವುದನ್ನು ಬಿಟ್ಟಿದ್ದಾನೆ. ಸೆಕೆಗಾಲ, ನಾನೇ ಅವನನ್ನು ದೂಡಬೇಕು.

ಮೇ ೧೯, ಭಾನುವಾರ

ಉದ್ದಕ್ಕೆ ಬರೆಯುತ್ತೇನೆ.

ಇವತ್ತು ಹಳೆಯ ದೋಣಿಯಲ್ಲಿ ಮೊದಲ ಅಭ್ಯಾಸ. ಅತ್ತಿಗೆ ಮನೆಯಿಂದ ತಕ್ಕಡಿಯನ್ನೇ ತಂದು ದಡದಲ್ಲಿಟ್ಟಿದ್ದರು. ಎಲ್ಲರ ಎದುರು ಹತ್ತಿದೆ. ಎಪ್ಪತ್ತನಾಲ್ಕು.

"ಎಪ್ಪತ್ತು ಅಂದಿದ್ದೆ," ಎಂದರು ಅತ್ತಿಗೆ. "ಮಾತು ಅಂದ್ರೆ ಮಾತು. ಹಿಂದೆ ಹೋಗು."

ವೆನ್‌ಟಿಂಗ್ ಪಾಪದ ಹುಡುಗಿ, ತಾನೇ ತಪ್ಪು ಮಾಡಿದವಳ ಹಾಗೆ ನೆಲ ನೋಡುತ್ತಿದ್ದಳು. ನಾನು ಹುಟ್ಟು ತೆಗೆದುಕೊಂಡು ಹಿಂದೆ ಹೋಗಲು ತಿರುಗಿದೆ. ಅಷ್ಟರಲ್ಲಿ ದಡದಿಂದ ಸೂಝು ಅಜ್ಜಿಯ ದನಿ:

"ಏ ಚ್ಯೂಶಿಯಾ! ಬಾತುಕೋಳಿ ಮಾರ್ತಾ ಇದ್ದೀಯಾ, ತೂಗಿ ತೂಗಿ ಇಡ್ತಿದ್ದೀಯಲ್ಲ? ಬಾವುಟ ಕೀಳೋದು ತಕ್ಕಡೀನಾ, ಹೆಂಗಸಾ?"

ಹುಟ್ಟು ಹಿಡಿದವರೆಲ್ಲ ನಕ್ಕುಬಿಟ್ಟರು. ಅತ್ತಿಗೆಯ ಕಿವಿ ಕೆಂಪಾಯಿತು. ನಗು ನಿಂತಾಗ ನಾನು ಹೇಳಿದೆ: "ಅತ್ತಿಗೆ, ಕಳೆದ ವರ್ಷ ಮೂಗು ಯಾಕೆ ಮುಳುಗ್ತು? ನಾನು ಭಾರ ಅಂತ ಮಾತ್ರ ಅಲ್ಲ. ಬಿದ್ದೇನು ಅನ್ನೋ ಹೆದರಿಕೆಗೆ ಬಹಳ ಮುಂಚೆನೇ ಹತ್ತಿ ಮಲಗಿದ್ದೆ. ಕೊನೇ ದಾರಿ ಪೂರ್ತಿ ನನ್ನ ಭಾರ ಮೂಗಿನ ಮೇಲಿತ್ತು. ಈ ಸಲ ಕೊನೇ ಗಳಿಗೇಲಿ ಹತ್ತುತ್ತೀನಿ."

"ಓಡೋ ದೋಣೀಲಿ ಕೊನೇ ಗಳಿಗೇಲಿ ಹತ್ತಿ ಯಾವುದನ್ನ ಹಿಡ್ಕೋತೀಯ? ಕೈ ಎರಡೂ ಬಾವುಟಕ್ಕೆ ಬೇಕು."

"ಕಾಲಿದೆ."

ಅತ್ತಿಗೆ ಒಂದು ಕ್ಷಣ ನನ್ನನ್ನು ನೋಡಿದರು. "ಒಂದೇ ಸಲ," ಎಂದರು.

ಡೋಲು ಶುರುವಾಯಿತು. ಡೋಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ದೋಣಿ ವೇಗ ಹಿಡಿಯಿತು, ಮೂಗು ಮೇಲೆದ್ದೇ ಇತ್ತು. ಬಾವುಟ ಹತ್ತಿರ, ಇನ್ನೂ ಹತ್ತಿರ. ಅತ್ತಿಗೆ, "ಹತ್ತೇ! ಹತ್ತೇ!" ಎಂದು ಕಿರುಚುತ್ತಿದ್ದರು. ನಾನು ಕಾದೆ. ಆಮೇಲೆ ಒಂದೇ ನೆಗೆತಕ್ಕೆ ಕತ್ತು ಹತ್ತಿ, ಎರಡೂ ಪಾದಗಳನ್ನು ಡ್ರ್ಯಾಗನ್ನಿನ ಕತ್ತಿಗೆ ಅಪ್ಪಿಸಿ, ಕಾಲ್ಬೆರಳಲ್ಲಿ ಕಚ್ಚಿ ಹಿಡಿದು, ಮೈ ಚಾಚಿದೆ. ಮರದ ಒಂದೊಂದು ಏರುತಗ್ಗೂ ಪಾದಕ್ಕೆ ಗೊತ್ತಾಯಿತು. ದೋಣಿ ಎತ್ತಿ ಹಾಕಿತು, ನಾನು ಅಲುಗಲಿಲ್ಲ. ಬಾವುಟ ಕೈಗೆ ಬಂತು.

ದಡದಲ್ಲಿ ಅಜ್ಜಿ ಕೊಡೆ ಬೀಸಿ ಕೇಕೆ ಹಾಕಿದಳು. ಅತ್ತಿಗೆ ಬಾವುಟವನ್ನು ಮತ್ತೆ ನೆಡಲು ಹೇಳಿ, "ಇನ್ನೊಂದು ಸಲ," ಎಂದರು. ಮತ್ತೆ ಬಂತು. ವೆನ್‌ಟಿಂಗ್ ಕೂಡ ಒಂದು ಸಲ ಹತ್ತಿದಳು. ಬಾವುಟ ಸಿಕ್ಕಿತು, ಜೊತೆಗೆ ನೀರಿಗೂ ಬಿದ್ದಳು. ಮೇಲೆ ಬಂದವಳೇ ಒದ್ದೆ ಕೂದಲಲ್ಲಿ ನನ್ನ ಕೈ ಹಿಡಿದು, "ಚಿಕ್ಕತ್ತೆ, ನೀವೇ ಇರಿ. ನಂಗೆ ಭಯ ಆಗ್ತಿತ್ತು, ಅತ್ತೆಗೆ ಹೇಳಕ್ಕೆ ಇನ್ನೂ ಭಯ," ಎಂದಳು. ಇಷ್ಟು ದಿನ ಇವಳ ಮೇಲೆ ಹಲ್ಲು ಕಡಿದಿದ್ದೆನಲ್ಲ!

ಹೊರಡುವಾಗ ಅತ್ತಿಗೆ ತಕ್ಕಡಿ ಎತ್ತಿಕೊಳ್ಳುತ್ತಾ ಹೇಳಿದರು: "ಹಬ್ಬದವರೆಗೆ ಅಂಟಕ್ಕಿ ಕಡುಬು ಮುಟ್ಟಬೇಡ." ಎಂದರೆ ಜಾಗ ನನ್ನದು! ಮನೆಗೆ ಬಂದು ಮುಶಾನ್‌ನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಜೂನ್ ೭, ಶುಕ್ರವಾರ

ಸ್ಪರ್ಧೆಯ ದೋಣಿಗಳಿಗೆ ಹೊಸ ಬಣ್ಣ ಹೊಡೆದು, ಇವತ್ತು ಪೂಜೆ ಮಾಡಿ ಡ್ರ್ಯಾಗನ್ನುಗಳಿಗೆ ಕಣ್ಣು ಬರೆದರು. ನಮ್ಮದು ಹಸಿರು ಡ್ರ್ಯಾಗನ್, ಕತ್ತಿಗೆ ಮೀನಿಗಿರುವಂಥ ಚಿನ್ನದ ಹುರುಪೆ. ಬಣ್ಣ ಬಳಿದವನು, ಮುಟ್ಟಬೇಡಿ, ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ಎಂದು ಎಲ್ಲರನ್ನೂ ಗದರಿಸುತ್ತಿದ್ದ. ಮನೆಮನೆಯಲ್ಲಿ ಕಡುಬು ಬೇಯುವ ವಾಸನೆ. ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಬಂದೆ.

ಜೂನ್ ೧೦, ಸೋಮವಾರ. ಹಬ್ಬ

ಗೆದ್ದೆವು. ಗೆದ್ದೆವು. ಗೆದ್ದೆವು!

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಫೈನಲ್‌ನಲ್ಲಿ ಎದುರಿಗೆ ಅದೇ ಮೀನುಪೇಟೆಯವರು. ಅರ್ಧ ದಾರಿಗೆ ಅವರ ಡ್ರ್ಯಾಗನ್ನಿನ ತಲೆ ನಮಗಿಂತ ಮುಂದಿತ್ತು. ಅವರ ಬಾವುಟದವಳು ಆಗಲೇ ಹತ್ತಿ ಮಲಗಿದ್ದಳು, ನಾನು ಕಳೆದ ವರ್ಷ ಮಲಗಿದ್ದ ಹಾಗೆಯೇ. ಅವರ ಮೂಗು ನೀರು ಸೀಳುವುದರ ಬದಲು ನೀರು ಕುಡಿಯತೊಡಗಿದ್ದನ್ನು ಕಣ್ಣಾರೆ ಕಂಡೆ. ನಮ್ಮವರು ಒಂದೊಂದು ಹುಟ್ಟಿಗೂ ಹತ್ತಿರವಾದರು. ಅತ್ತಿಗೆ ಈ ಸಲ, "ಹತ್ತೇ" ಎಂದು ಕಿರುಚಲಿಲ್ಲ. ಡೋಲು ಬಾರಿಸುತ್ತಾ ನನ್ನ ಮೇಲೆ ಕಣ್ಣಿಟ್ಟು ಸುಮ್ಮನಿದ್ದರು. ಆ ಸುಮ್ಮನಿರುವಿಕೆಗೆ ನಾನು ಜೀವ ಕೊಟ್ಟೇನು.

ಹತ್ತಿದೆ. ಮಳೆಗೆ ಕತ್ತು ಎಣ್ಣೆ ಸವರಿದಂತೆ ಜಾರುತ್ತಿತ್ತು. ಎಡಗಾಲು ಒಂದು ಗೇಣು ಜಾರಿತು. ಬೆರಳನ್ನು ಕಲ್ಲು ಅಪ್ಪುವ ಹಾಗೆ ಅಪ್ಪಿಸಿದೆ, ಹುರುಪೆಗೆ ಸಿಕ್ಕಿತು, ನಿಂತಿತು. ಸೊಂಟದಿಂದ ಮುಂದೆ ನಾನು ದೋಣಿಯಲ್ಲೇ ಇರಲಿಲ್ಲ, ನೀರಿನ ಮೇಲೆ, ಗಾಳಿಯಲ್ಲಿ. ಪಕ್ಕದವಳ ಕೈಯೂ ಅವಳ ಬಾವುಟದ ಕಡೆ ಬರುತ್ತಿತ್ತು. ನನ್ನದು ಮೊದಲು ತಲುಪಿತು. ಒದ್ದೆ ಬಟ್ಟೆಯ ಬಾವುಟ ಮುಖಕ್ಕೆ ರಪ್ಪನೆ ಬಡಿಯಿತು, ಅಷ್ಟು ಸುಖವಾದ ಏಟು ನಾನು ತಿಂದಿಲ್ಲ.

ಆಮೇಲೆ ಏನೇನಾಯಿತೋ. ವೆನ್‌ಟಿಂಗ್ ಹಿಂದಿನ ಸಾಲಿನಿಂದ ಎದ್ದು ಕುಣಿದು ದೋಣಿಯನ್ನೇ ಮಗುಚಿಬಿಡುತ್ತಿದ್ದಳು. ಮುಶಾನ್ ದಡದಲ್ಲಿ ಅಪರಿಚಿತರನ್ನೆಲ್ಲ ಹಿಡಿದು, "ನನ್ನ ಹೆಂಡ್ತಿ ಅದು!" ಎನ್ನುತ್ತಿದ್ದನಂತೆ. ಸೂಝು ಅಜ್ಜಿ ನನ್ನ ಮುಖ ನೋಡಲೇ ಇಲ್ಲ. ಬಗ್ಗಿ ಎರಡೂ ಪಾದ ಮುಟ್ಟಿ ನೋಡಿ, "ಚೆನ್ನಾಗಿದಾವೆ," ಎಂದಳು. ನಾನು ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದೆ. ಬೈದಳು.

ಸಂಜೆ ಮೂರು ಕಡುಬು ತಿಂದೆ. ಹಂದಿ ಮಾಂಸದ್ದು ಎರಡು, ಕಡಲೆಕಾಯಿದು ಒಂದು.

ಜೂನ್ ೧೨, ಬುಧವಾರ

ಎಂದಿನಂತೆ ನೀರು, ಮಾತ್ರೆ, ಕಲ್ಲು. ಕಾಲ್ಬೆರಳ ಉಗುರುಗಳಲ್ಲಿ ಹಸಿರು, ಚಿನ್ನದ ಬಣ್ಣ ಇನ್ನೂ ಹೋಗಿಲ್ಲ. ಮೊದಲ ದಿನ ಊರುಗೋಲು ಕೊಡಲು ಬಂದಿದ್ದ ಮುದುಕ ಇವತ್ತು ಹೆಬ್ಬೆರಳು ಹೇಗೆ ಇಡಬೇಕು ಎಂದು ನನ್ನನ್ನು ಕೇಳಿದ.

ಗೆದ್ದ ಬಾವುಟ ಅಂಗಡಿಯಲ್ಲಿ ಹಾಲಿನ ಪಾತ್ರೆಯ ಮೇಲೆ ನೇತಾಡುತ್ತಿದೆ, ಹಬೆಗೆ ಇನ್ನೂ ಒಣಗಿಲ್ಲ. "ಈಗ ತೂಕ ಎಷ್ಟಾಯ್ತು?" ಎಂದು ಮುಶಾನ್ ಕೇಳಿದ. ದಡದ ಆ ದಿನದ ಮೇಲೆ ನೋಡಿಲ್ಲ. ನೋಡಬೇಕು, ಡಾಕ್ಟರಮ್ಮ ಕೇಳುತ್ತಾರೆ.

ಮಧ್ಯಾಹ್ನ ಅತ್ತಿಗೆ ಬಂದರು. ಬಟ್ಟಲು ಮುಗಿಸಿ, ಈ ಸಲ ಕ್ಯಾಲೆಂಡರ್ ಕಡೆ ನೋಡದೆ ನನ್ನನ್ನೇ ನೋಡುತ್ತಾ ಹೇಳಿದರು: "ದೋಣಿ ಒಳಗಿಡಕ್ಕೆ ಹೋಗಿದ್ವಿ. ಬಣ್ಣದವನು ಬಾಯಿ ಬಡ್ಕೋತಿದ್ದಾನೆ. ಹೊಸ ಬಣ್ಣ ಕೆರೆದು ಹೋಗಿದೆ. ಕತ್ತಿನ ಆ ಕಡೆ ಐದು ಬೆರಳು, ಈ ಕಡೆ ಐದು ಬೆರಳು. ಅಚ್ಚು ಒತ್ತಿದ ಹಾಗಿದೆ."

"ಅಯ್ಯೋ. ಮತ್ತೆ ಹೊಡೀಬೇಕಾ ಬಣ್ಣ?"

"ಬೇಡ ಅಂದೆ." ಅತ್ತಿಗೆ ಎದ್ದು ಬಟ್ಟಲನ್ನು ತಾವೇ ತೊಟ್ಟಿಗಿಟ್ಟರು. "ಹಾಗೇ ಇರ್ಲಿ. ಮುಂದಿನ ವರ್ಷ ಎಲ್ಲಿ ಕಾಲಿಡಬೇಕು ಅಂತ ನಿಂಗೆ ಹುಡುಕೋ ಕೆಲಸ ಇರಲ್ಲ."